ನನ್ನ ಎಡತೋಳಿನಿಂದ ಲಾಟರಿ ಹೊಡೆಸಿದ ಬಿ.ಪಿ. ಮೆಷಿನ್ನಿನವರಿಗೆ

ಸದ್ಯ ತಾಲೂಕು ಆಸ್ಪತ್ರೆಯ ರಿಪೇರಿ ಕೋಣೆಯಲ್ಲಿ ವಿಶ್ರಾಂತಿ ಪಡೆಯುತ್ತಿರುವ, ನೋಂಗ್ ತಾವ್ ಊರಿನ ಹಿರಿಯರ ಕೂಟದ ಸರ್ವಮಾನ್ಯ ಬಿ.ಪಿ. ಮೆಷಿನ್ನಿನವರ ದಿವ್ಯ ಸನ್ನಿಧಿಗೆ, ಅದೇ ಊರಲ್ಲಿ ನಲವತ್ತು ವರ್ಷ ಅಕ್ಕಿ ಶಾವಿಗೆ ಮಾರಿ ಈಗ ಎಪ್ಪತ್ತನಾಲ್ಕರ ಮುದುಕಿಯಾಗಿ ಕೂತಿರುವ ಲಮ್‌ಡುವನ್, ಎರಡೂ ಕೈ ಜೋಡಿಸಿ, ಆದರೆ ಎಡಗೈಯನ್ನು ಒಂಚೂರು ಹಿಂದಕ್ಕೇ ಇಟ್ಟುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ರಬ್ಬರ್ ಕೊಳವೆಗೆ ಇಲಿಯ ಹಲ್ಲು ತಾಗದಿರಲಿ. ದೂರು ಹೇಳುವ ಮುನ್ನ ತಮ್ಮ ಸೇವೆಯನ್ನು ನೆನೆಯದಿದ್ದರೆ ಕೃತಘ್ನಳಾದೇನು. ಬುಧವಾರ ಬುಧವಾರ ಊರಿನ ಹಿರಿಯರೆಲ್ಲ ಬೌದ್ಧ ವಿಹಾರದ ಜಗಲಿಯಲ್ಲಿ ಬಿದಿರು ಕೋಲು ಹಿಡಿದು ವ್ಯಾಯಾಮ ಮಾಡಿದ ಮೇಲೆ, ಮಂಡಿನೋವಿನಿಂದ ಅಲ್ಲಿಗೆ ಬರಲಾರದ ನನ್ನ ಮನೆಗೆ ಊರ ಆರೋಗ್ಯ ಸೇವಕಿ ಪ್ರನೋಮ್ ತಮ್ಮನ್ನು ಸೈಕಲ್ ಬುಟ್ಟಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ಪಟ್ಟಿ ಕಟ್ಟುವ ಮುಂಚೆ ಐದು ನಿಮಿಷ ಮಾತಾಡದೆ ಕೂರಬೇಕೆಂಬುದು ತಮ್ಮ ಕಟ್ಟಪ್ಪಣೆ; ಆದರೆ ಐದು ನಿಮಿಷ ಬಾಯಿ ಮುಚ್ಚಿಕೊಂಡಿರುವುದು ನಮ್ಮಿಬ್ಬರ ಹಣೆಯಲ್ಲಿ ಬರೆದಿರಲಿಲ್ಲ. ಹಿರಿಯ ಭಿಕ್ಷುಗಳ ಬೆಕ್ಕು ನಗಾರಿಯೊಳಗೆ ಮರಿ ಹಾಕಿದ್ದೋ, ಯಾರದೋ ಸೊಸೆ ಕೂದಲಿಗೆ ನೇರಳೆ ಬಣ್ಣ ಬಳಿದುಕೊಂಡದ್ದೋ, ಏನಾದರೊಂದು ಬಂದೇ ಬರುತ್ತಿತ್ತು. ಕೊನೆಗೆ ಪ್ರನೋಮ್ ತಲೆ ಚಚ್ಚಿಕೊಂಡು, "ಅಯ್ಯೋ ದೊಡ್ಡಮ್ಮ, ಮಾತಾಡಿ ಮಾತಾಡಿ ಮತ್ತೆ ಕೆಡಿಸಿಬಿಟ್ವಿ, ಇನ್ನೈದು ನಿಮಿಷ ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಿದ್ದಳು. ಹೀಗೆ ಐದೈದು ನಿಮಿಷ ಸೇರಿ, ಅಂಟಕ್ಕಿ ಅನ್ನ ಮತ್ತು ಮೆಣಸಿನ ಗೊಜ್ಜಿನ ಸಮೇತ, ಬರೋಬ್ಬರಿ ಒಂದು ಗಂಟೆಯಾಗುತ್ತಿತ್ತು. ತಾವು ನನ್ನ ತೋಳು ಹಿಂಡುತ್ತಿದ್ದುದು ಅದರಲ್ಲಿ ಮುಕ್ಕಾಲು ನಿಮಿಷ. ಉಳಿದ ಐವತ್ತೊಂಬತ್ತೂ ಕಾಲು ನಿಮಿಷ ನನ್ನದಾಗಿತ್ತು. ಅದನ್ನು ತಾವು ಕಸಿದುಕೊಂಡಿರಿ ಎಂಬುದೇ ಈ ಪತ್ರದ ಸಾರಾಂಶ.

ನಡೆದದ್ದು ತಮಗೆ ನೆನಪಿರಬಹುದು, ತಮ್ಮ ಹೊಟ್ಟೆಯಲ್ಲಿ ಹಳೆಯ ಸಂಖ್ಯೆಗಳೆಲ್ಲ ಇರುತ್ತವಂತೆ. ಒಂದು ಬುಧವಾರ ತಾವು ನೂರೈವತ್ತಾರು, ಕೆಳಗೆ ಎಂಬತ್ತಮೂರು ಎಂದು ತೋರಿಸುವ ಹೊತ್ತಿಗೆ ಸರಿಯಾಗಿ, ಏಣಿ ಕೇಳಲು ಬಂದ ಪಕ್ಕದ ಮನೆಯ ಸಾವೆಂಗ್ ನನ್ನ ಹೆಗಲ ಮೇಲಿಂದ ಇಣುಕಿದ. ಮರುದಿನ ಹದಿನಾರನೇ ತಾರೀಕು, ಲಾಟರಿ ಡ್ರಾ. ಕೊನೆಯ ಎರಡಂಕಿ ಎಂಬತ್ತಮೂರೇ ಬಂತು. ಸಾವೆಂಗನಿಗೆ ಒಂದು ಹೊಸ ಫ್ಯಾನು ಬರುವಷ್ಟು ಗಿಟ್ಟಿತು, ಅವನು ಆ ಫ್ಯಾನನ್ನು ಬೀದಿಗೇ ತಿರುಗಿಸಿಟ್ಟುಕೊಂಡು, ಹೋಗಿ ಬರುವವರಿಗೆಲ್ಲ ಗಾಳಿಯ ಜೊತೆ ಸುದ್ದಿಯನ್ನೂ ಬೀಸಿದ: "ಲಮ್‌ಡುವನ್ ಅಕ್ಕನ ಎಡತೋಳಲ್ಲಿ ದೇವತೆ ಕೂತವಳೆ ಕಣ್ರಪ್ಪ, ಮೆಷಿನ್ ಮೂಲಕ ಮಾತಾಡ್ತಾಳೆ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಮುಂದಿನ ಡ್ರಾ ಹತ್ತಿರ ಬಂದ ಬುಧವಾರ ನನ್ನ ಜಗಲಿ ತುಂಬ ಜನ. ತಮಗೆ ಚೆಂಡುಹೂವಿನ ಹಾರ ಬಿತ್ತು, ಸ್ಟ್ರಾ ಹಾಕಿದ ಕೆಂಪು ಸೋಡಾ ನೈವೇದ್ಯ ಬಂತು. ನನಗೆ ಬಂದದ್ದು ಪೌಡರು ಮಾತ್ರ, ಅದೂ ಚರ್ಮದ ಮೇಲೆ ಅಂಕಿ ಏನಾದರೂ ಮೂಡುತ್ತದೋ ಎಂದು ತೋಳಿಗೆ ಉಜ್ಜಿ ಉಜ್ಜಿ ನೋಡಲಿಕ್ಕೆ. ಅಷ್ಟು ಕಣ್ಣು ಒಟ್ಟಿಗೆ ನೆಟ್ಟರೆ ಯಾವ ರಕ್ತ ತಾನೇ ತಣ್ಣಗಿದ್ದೀತು? ತಾವು ನೂರೆಪ್ಪತ್ತೊಂದು, ತೊಂಬತ್ತೇಳು ಎಂದಿರಿ. ಆಸ್ಪತ್ರೆಯವರು ಕಂಡರೆ ಬೈಯುವ ಸಂಖ್ಯೆಗೆ ನನ್ನ ಜಗಲಿಯಲ್ಲಿ ಚಪ್ಪಾಳೆ ಬಿತ್ತು.

ತೊಂಬತ್ತೇಳು ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲಾಟರಿ ತಪ್ಪಿದವರು ನನ್ನ ಮಾತ್ರೆಯ ಮೇಲೆ ಬಿದ್ದರು. ಸಾವೆಂಗ್ ಬೇಲಿಯಾಚೆಯಿಂದಲೇ ವಿಚಾರಣೆ ನಡೆಸಿದ: "ನಿಜ ಹೇಳಕ್ಕ, ಬೆಳಿಗ್ಗೆ ಮಾತ್ರೆ ನುಂಗಿದ್ಯೋ ಇಲ್ವೋ? ನುಂಗಿ ನಂಬರ್ ಕಲಬೆರಕೆ ಮಾಡ್ಬಿಟ್ಯಲ್ಲ!" ನನ್ನ ಪ್ರಾಣ ಉಳಿಸುವ ಮಾತ್ರೆ ಊರಿಗೆ ಮಾಡಿದ ಮೋಸ ಎಂದು ಆವತ್ತೇ ನನಗೆ ಗೊತ್ತಾದದ್ದು. ನಾನೂ ಬಿಡಲಿಲ್ಲ: "ನುಂಗಿದೆ ಕಣೋ, ನಾಳೆನೂ ನುಂಗ್ತೀನಿ. ನಿನ್ನ ಲಾಟರಿಗೋಸ್ಕರ ನಾನು ಸಾಯ್ಲಾ?" ಅಂದೆ. ಅವನು ಒಂದು ಕ್ಷಣ ಯೋಚಿಸಿದ. ಆ ಒಂದು ಕ್ಷಣವನ್ನು ನಾನಿನ್ನೂ ಕ್ಷಮಿಸಿಲ್ಲ. ಆಮೇಲೆ ಊರಲ್ಲಿ ಎರಡು ಪಕ್ಷವಾಯಿತು. ಮೊದಲೇ ದೊಡ್ಡ ಅಂಕಿಯ ಟಿಕೆಟ್ಟು ಕೊಂಡು, ನನ್ನ ಬಿ.ಪಿ. ಏರಿದರೆ ಲಾಭವಿದ್ದವರು ಉಪ್ಪಲ್ಲಿ ಹುಳಿಸಿದ ಮೀನನ್ನು ಗಡಿಗೆಗಟ್ಟಲೆ ತಂದಿಟ್ಟರು, ಸಣ್ಣ ಅಂಕಿಯದು ಕೊಂಡು, ಇಳಿದರೆ ಲಾಭವಿದ್ದವರು ಸೌತೆಕಾಯಿ ತಂದು ಸುರಿದರು. ಮೀನು ರುಚಿಯಾಗಿತ್ತು ಎಂಬುದನ್ನು ಸತ್ಯದ ದೃಷ್ಟಿಯಿಂದ ಒಪ್ಪಿಕೊಳ್ಳುತ್ತೇನೆ. ಪ್ರನೋಮಳಿಗೆ ಮಾತ್ರ ದಯವಿಟ್ಟು ಹೇಳಬೇಡಿ.

ಪಾಪ, ಪ್ರನೋಮ್ ಊರ ಧ್ವನಿವರ್ಧಕದಲ್ಲಿ ಬೆಳ್ಳಂಬೆಳಗ್ಗೆ, "ಬಿ.ಪಿ. ನೋಡೋದು ಬದುಕೋದಕ್ಕೆ, ಲಾಟರಿಗಲ್ಲ! ಯಾರಾದ್ರೂ ನಂಬರ್ ಕೇಳಿದ್ರೆ ನಿಮ್ಮ ತೋಳಿಗೇ ಪಟ್ಟಿ ಬಿಗೀತೀನಿ!" ಎಂದು ಕೂಗಿದಳು. ಆ ಕೂಗಿನ ಫಲವಾಗಿ ಬಂದ ಹೊಸ ನಿಯಮದಿಂದ ಕೆಟ್ಟವಳು ನಾನೊಬ್ಬಳೇ. ಅಂದಿನಿಂದ ತಮ್ಮ ಮುಖದ ಮೇಲೆ ಟವೆಲ್ಲು. ಪ್ರನೋಮ್ ಟವೆಲ್ಲಿನೊಳಗೆ ತಲೆ ತೂರಿಸಿ ಸಂಖ್ಯೆ ನೋಡಿ, ಪುಸ್ತಕದಲ್ಲಿ ಗೀಚಿ, ಪುಸ್ತಕ ಮುಚ್ಚಿ, "ಹೊರಟೆ ದೊಡ್ಡಮ್ಮ, ಕೂತ್ರೆ ನಂಬರ್ ಹೇಳ್ಕೊಟ್ಟೆ ಅಂತಾರೆ" ಎಂದು ಸೈಕಲ್ ಹತ್ತಿಬಿಡುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಬಿಡ. ಸ್ವಂತ ರಕ್ತದ ಸುದ್ದಿ ಸ್ವಂತ ಕಿವಿಗೆ ಬೀಳುತ್ತಿರಲಿಲ್ಲ. ಅದಾದರೂ ಹೋಗಲಿ, ಬೆಕ್ಕಿನ ಮರಿಗಳು ಕಣ್ಣು ಬಿಟ್ಟವೋ ಇಲ್ಲವೋ ಅದೂ ತಿಳಿಯಲಿಲ್ಲ. ಮಗಳು ಸಂಜೆ ಅಂಗಡಿಯಿಂದ ಬಂದು "ಯಾಕಮ್ಮ ಸಪ್ಪಗಿದ್ದೀಯ" ಅಂದರೆ ಏನು ಹೇಳಲಿ? ಮಾತಾಡಬೇಡ ಎಂಬ ಐದು ನಿಮಿಷಕ್ಕಾಗಿ ನಾನು ಅಳುವಂತಾಯಿತು, ಮಾನ್ಯರೇ. ನಿಜವಾಗಿಯೂ ಒಂದು ಸಲ ಅತ್ತೆ.

ಆದ್ದರಿಂದ ಕೆಲವು ಸಣ್ಣಪುಟ್ಟ ಕೋರಿಕೆಗಳನ್ನು ತಮ್ಮ ಮುಂದಿಡಲು ಆಗಲೇ ನಿರ್ಧರಿಸಿದ್ದೆ. ತಾವು ಅಂಕಿ ತೋರಿಸುವ ಬದಲು ಹೂವಿನ ಚಿತ್ರ ತೋರಿಸಬೇಕು: ಆರೋಗ್ಯವಿದ್ದರೆ ತಾವರೆ, ಇಲ್ಲದಿದ್ದರೆ ಮೊಗ್ಗು. ಅದಾಗದಿದ್ದರೆ ಊರಿನ ಎಲ್ಲರಿಗೂ ಒಂದೇ ಬಿ.ಪಿ. ಹಂಚಬೇಕು. ಅದೂ ಕಷ್ಟವಾದರೆ ದೇವತೆಯನ್ನು ನನ್ನ ತೋಳಿನಿಂದ ಸಾವೆಂಗನ ತೋಳಿಗೆ ವರ್ಗಾಯಿಸಿ, ಅಲ್ಲಿ ಸೆಖೆ ತಡೆಯಲು ಫ್ಯಾನೂ ಇದೆ.

ಅಷ್ಟರಲ್ಲಿ ಸಾವೆಂಗನೇ ನನ್ನ ಕಷ್ಟ ಪರಿಹರಿಸಿದ. ಟವೆಲ್ಲಿನ ಕಾಟದಿಂದ ಬೇಸತ್ತ ಅವನು, ಪ್ರನೋಮ್ ವ್ಯಾಯಾಮ ಮಾಡಿಸುತ್ತಿರುವಾಗ ತಮ್ಮನ್ನು ವಿಹಾರದ ಕಪಾಟಿನಿಂದ ಎತ್ತಿಕೊಂಡು ಹೋಗಿ, ಮರದ ದೇವತೆಯಾದರೂ ನಂಬರ್ ಹೇಳಲಿ ಎಂದು ವಿಹಾರದ ಹಿತ್ತಲಿನ ಹಳೇ ಆಲದಮರದ ಕೊಂಬೆಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದನಂತೆ. ಮರಕ್ಕೆ ಬಿ.ಪಿ. ಇರಲಿಲ್ಲ, ನಮ್ಮೂರ ಹಿರಿಯರಲ್ಲಿ ಅದೊಂದೇ ಪೂರ್ತಿ ಆರೋಗ್ಯವಂತ. ತಾವು ನಾಡಿ ಹುಡುಕುತ್ತ ಉಬ್ಬಿದಿರಿ, ಇನ್ನೂ ಉಬ್ಬಿದಿರಿ, ಆಮೇಲೆ ಟಪ್ಪೆಂದಿರಿ. ತಮ್ಮ ಈಗಿನ ಆಸ್ಪತ್ರೆವಾಸಕ್ಕೆ ಕಾರಣ ಇದೇ ಎಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ.

ಕಳೆದ ಬುಧವಾರ ಸೈಕಲ್ ಬುಟ್ಟಿ ಖಾಲಿಯಿತ್ತು, ಆದರೂ ಪ್ರನೋಮ್ ಬಂದಳು. ಬರಿಗೈಯಲ್ಲಿ ಬಂದು, ನನ್ನ ಪಕ್ಕ ಕೂತು, ಎರಡು ಬೆರಳಿಂದ ನನ್ನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದಳು. "ಇಪ್ಪತ್ತೊಂದು, ಇಪ್ಪತ್ತೆರಡು... ದೊಡ್ಡಮ್ಮ, ಹೇಳೋದೇ ಮರ್ತಿದ್ದೆ, ಆ ಕರಿ ಮರಿ ಇದ್ಯಲ್ಲ, ಭಿಕ್ಷಾಪಾತ್ರೇಲಿ ನಿದ್ದೆ ಮಾಡ್ಬಿಟ್ಟಿತ್ತು!" ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರು. ಮೂವತ್ತಕ್ಕೆ ಬರುವಷ್ಟರಲ್ಲಿ ನೇರಳೆ ಕೂದಲಿನ ಸೊಸೆ ಅಡ್ಡ ಬಂದಳು, ಆಮೇಲೆ ಅಂಟಕ್ಕಿ ಅನ್ನ ಬೆಂದಿತು. ಬೇಲಿಯಾಚೆಯಿಂದ ಸಾವೆಂಗ್, "ಎಷ್ಟಾಯ್ತು ನಂಬರ್ರು?" ಎಂದು ಕೂಗಿದ. "ಮರ್ತೋಯ್ತು!" ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು. ಅವಳು ಎದ್ದಾಗ ಒಂದೂವರೆ ಗಂಟೆಯಾಗಿತ್ತು, ಅಷ್ಟು ಹೊತ್ತೂ ನನ್ನ ಕೈ ಅವಳ ಕೈಯಲ್ಲೇ ಇತ್ತು.

ಹಾಗಾಗಿ ಹಿಂದಿನ ಕೋರಿಕೆಗಳನ್ನೆಲ್ಲ ವಾಪಸು ತೆಗೆದುಕೊಂಡು ಒಂದೇ ಒಂದನ್ನು ಸಲ್ಲಿಸುತ್ತಿದ್ದೇನೆ. ವೈದ್ಯರಿಗೆ ತಾವು ಬೇಕೇ ಬೇಕಂತೆ, ಆದ್ದರಿಂದ ಬರಬೇಡಿ ಎನ್ನಲಾರೆ. ಅವಸರಪಟ್ಟು ಗುಣವಾಗಬೇಡಿ, ಅಷ್ಟೇ. ಚೆನ್ನಾಗಿ ನಿದ್ದೆ ಮಾಡಿ, ಅಲ್ಲಿಯ ಇತರ ಯಂತ್ರಗಳ ಜೊತೆ ಮಾತುಕತೆಯಾಡಿ. ಅದೆಷ್ಟು ಒಳ್ಳೆಯ ಔಷಧಿಯೆಂದು ತಮಗೂ ಗೊತ್ತಾಗಲಿ.

ಎಡಗೈಯನ್ನು ಹೊರತುಪಡಿಸಿ,
ತಮ್ಮ ವಿಶ್ವಾಸಿ,
ಲಮ್‌ಡುವನ್

ತಾ.ಕ.: ಪ್ರನೋಮ್ ಕೊನೆಯ ಸಲ ಎಣಿಕೆ ತಪ್ಪಿದ್ದು ನಲವತ್ತೇಳಕ್ಕೆ. ಮರೆತುಹೋಯಿತು ಎಂದು ಸಾವೆಂಗನಿಗೆ ಹೇಳಿದ್ದು ಸುಳ್ಳು. ಮಗಳಿಗೂ ಹೇಳದೆ ನಲವತ್ತೇಳರ ಒಂದು ಟಿಕೆಟ್ಟು ನಾನೂ ಕೊಂಡೆ. ಹೊಡೆಯಲಿಲ್ಲ. ಪ್ರನೋಮಳ ಬೆರಳು ತಮ್ಮ ಹಾಗೆ ಮಾಟ ಮಂತ್ರ ಮಾಡದೆ ಬರೀ ಆರೋಗ್ಯ ನೋಡುತ್ತದೆಂದು ಇದರಿಂದ ಸಾಬೀತಾಯಿತಲ್ಲ, ಅದನ್ನು ತಿಳಿದು ತಮ್ಮ ಬಿ.ಪಿ. ಏರದಿರಲಿ.