ದಿಲ್ಲಿಗೆ ಹೋದ ಯಮನಪ್ಪನ ಪ್ರಶ್ನೆ

ಯಮನಪ್ಪ ಆಡಿದ ಒಂದು ಮಾತು ಆರು ತಿಂಗಳ ಮೇಲೆ ಪೇಪರಿನಲ್ಲಿ ನಾಲ್ಕು ಸಾಲಾಗಿ ಬಂದದ್ದೇ ಎಲ್ಲಕ್ಕೂ ಮೂಲ.

ಯರಗಟ್ಟಿ ಪೇಟೆಗೆ ಹತ್ತಿ ಮಾರಲು ಹೋದ ದಿನ ಅಲ್ಲಿಗೆ ಸಂಸದರು ಬಂದಿದ್ದರು. ಒಬ್ಬರು ರಸ್ತೆ ಕೇಳಿದರು, ಇನ್ನೊಬ್ಬರು ನೀರು ಕೇಳಿದರು. ಯಮನಪ್ಪನ ಸರದಿ ಬಂದಾಗ ಅವನು, "ಸಾಹೇಬ್ರ, ನಾ ಏನೂ ಬೇಡಾಕ ಬಂದಿಲ್ಲ. ಹೊಲದ ಗಾಡಿದಾರಿ ಸಂಬಂಧ ನಂದೊಂದು ಕೇಸ ಐತಿ, ಮೂವತ್ತೆರಡ ವರ್ಷ ಆತು. ಇಂಥಾವು ಎಲ್ಲೆಲ್ಲಿ ಎಷ್ಟೆಷ್ಟ ಅದಾವು ಅಂತ ದಿಲ್ಲ್ಯಾಗ ಒಂದ ಮಾತ ಕೇಳ್ರಿ" ಅಂದುಬಿಟ್ಟ. ಸಂಸದರ ಜೊತೆಗಿದ್ದವನು ಬರೆದುಕೊಂಡ. ಮುಂದೆ ಯಮನಪ್ಪ ಮರೆತ. ದಿಲ್ಲಿ ಮರೆಯಲಿಲ್ಲ.

ಪೇಪರಿನಲ್ಲಿ ಸುದ್ದಿ ಬಂದ ದಿನ ಬೆಳಿಗ್ಗೆ ಸಾಲಹಳ್ಳಿಯ ಕಟ್ಟೆಯ ಮೇಲೆ ಪೇಪರು ಓದಿದವನು ಭೀಮಶಿ. ಮೂವತ್ತು ವರ್ಷ ದಾಟಿದ ಪ್ರಕರಣ ಯಾವ ತಾಲೂಕಿನಲ್ಲಿ ಎಷ್ಟಿವೆ ಎಂದು ಸಂಸದರು ನ್ಯಾಯ ಇಲಾಖೆಗೆ ಲಿಖಿತ ಪ್ರಶ್ನೆ ಕೇಳಿದ್ದಾರೆ. ಸಾಲಹಳ್ಳಿಯ ರೈತ ಯಮನಪ್ಪನವರೇ ಇದಕ್ಕೆ ಪ್ರೇರಣೆ ಎಂದು ಅದರಲ್ಲಿತ್ತು.

ಭೀಮಶಿ ಯಮನಪ್ಪನ ದೊಡ್ಡಪ್ಪನ ಮಗ. ಯಮನಪ್ಪ ಹಾಕಿದ ಗಾಡಿದಾರಿಯ ಕೇಸಿನಲ್ಲಿ ಎದುರಾಳಿಯೂ ಅವನೇ. ಕೇಸು ಹಳೆಯದಾದಂತೆ ಇಬ್ಬರ ಸಿಟ್ಟೂ ಹಳೇ ಚಪ್ಪಲಿಯಂತೆ ಸವೆದು ಮೆತ್ತಗಾಗಿ, ಈಗ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ತಾರೀಖಿಗೆ ಹೋಗಿಬರುತ್ತಿದ್ದರು. ಭೀಮಶಿಯ ವಕೀಲರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. "ನಿನ್ನ ವಕೀಲ್ರ ಸಾಕು ಬಿಡು, ತಾರೀಖ ಇಬ್ಬರಿಗೂ ಒಂದ ಅಲಾ" ಎಂದು ಅವನು ಬೇರೆಯವರನ್ನು ಹಿಡಿದಿರಲಿಲ್ಲ.

"ಲೇ ಯಮನ್ಯಾ, ನಮ್ಮ ಜಗಳ ಪಾರ್ಲಿಮೆಂಟ ಮುಟ್ಟೇತಲೋ!" ಎಂದು ಭೀಮಶಿ ಕೂಗಿದ್ದು ಊರ ತುಂಬ ಕೇಳಿತು.

ಅಂದೇ ಕೇಸಿನ ತಾರೀಖೂ ಇತ್ತು. ಹೆಂಡತಿ ರಾಯವ್ವ ಪೆಟ್ಟಿಗೆಯಿಂದ ಮಗಳ ಮದುವೆಗೆ ಅವನಿಗೆ ಹೊಲಿಸಿದ್ದ ಬಿಳಿ ಅಂಗಿ ತೆಗೆದಳು. "ಇದನ್ನ ಹಾಕ್ಕೋರಿ. ದಿಲ್ಲೀಗೆ ಪ್ರಶ್ನಿ ಹಾಕಿದಾಂವ ಹರಕ ಅಂಗಿಲೆ ಕೋರ್ಟ ಮೆಟ್ಟಲಾ ಹತ್ತಬಾರದು."

ಮನೆಯ ಹೊಸ್ತಿಲು ದಾಟಿದ್ದೇ ತಡ, ಓಣಿಯೆಲ್ಲ ಸುತ್ತಿಕೊಂಡಿತು. ಪಕ್ಕದ ಮನೆಯ ಮದರಬಿ ಕೈ ಹಿಡಿದಳು. "ಯಮನಪ್ಪಣ್ಣಾ, ನನ್ನ ಪಿಂಚಣಿ ಯಾಕ ನಿಂತೈತಿ ಅಂತಾನೂ ದಿಲ್ಲ್ಯಾಗ ಕೇಳಿಬಿಡಪಾ."

"ಅದು ಬ್ಯಾರೆ ಇಲಾಖೆ ಅಕ್ಕಾ, ನಂದು ನ್ಯಾಯ ಇಲಾಖೆ" ಎಂದ ಯಮನಪ್ಪ, ಇಲಾಖೆಯನ್ನೇ ತಾನು ನಡೆಸುವವನಂತೆ.

"ಪಿಂಚಣಿ ನಿಲ್ಲಸೂದು ನ್ಯಾಯ ಏನು?"

ಯಮನಪ್ಪ ಕಿಸೆಯಿಂದ ಚೀಟಿ ತೆಗೆದ. ಬರೆದುಕೊಂಡ. ಅದನ್ನು ನೋಡಿ ಉಳಿದವರೂ ಬರೆಸಿದರು. ಮನೆಯಿಂದ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಕಿಸೆಯಲ್ಲಿ ಹನ್ನೊಂದು ಪ್ರಶ್ನೆಗಳು ಕೂತಿದ್ದವು, ಎರಡು ಬಸ್ಸು ಹೋಗಿದ್ದವು.

"ತಡಾ ಆತಲೋ" ಎಂದ ಭೀಮಶಿ.

"ಆಗಲಿ. ಮೂವತ್ತೆರಡ ವರ್ಷದಾಗ ನಮ್ಮ ನಂಬರ ಸಂಜೀ ನಾಕರೊಳಗ ಎಂದರ ಕರದಾರೇನು?"

ಬಸ್ಸಿಳಿದರೆ ತಾಲೂಕು ಕೋರ್ಟಿನ ಎದುರಿಗೇ ಯಾಕೂಬಸಾಬನ ಚಹಾದಂಗಡಿ. ಮೂವತ್ತೆರಡು ವರ್ಷ ಇವರಿಬ್ಬರಿಗೂ ಚಹಾ ಕೊಟ್ಟವನು ಅವನು. ಅಂಗಡಿಯ ಮುಂದೆ ಎರಡು ಬೆಂಚು ಕೂಡಿಸಿ ವೇದಿಕೆ ಮಾಡಿ, ಮೇಲೊಂದು ಲೌಡ್‌ಸ್ಪೀಕರ್ ಕಟ್ಟಿಸಿದ್ದ. ಕೋರ್ಟಿಗೆ ಬಂದ ಕಕ್ಷಿದಾರರೆಲ್ಲ ನೆರಳು ಬಿಟ್ಟು ಅಲ್ಲಿಗೇ ಬಂದಿದ್ದರು.

"ಬರ್ರಿ, ಮ್ಯಾಲೆ ಕುಂದರ್ರಿ! ನನ್ನ ಅಂಗಡ್ಯಾಗ ಕುಂತ ಚಹಾ ಕುಡದ ಮನಶ್ಯಾ ದಿಲ್ಲೀನ ನಿಲ್ಲಿಸಿ ಕೇಳ್ಯಾನ!"

ಅಷ್ಟರಲ್ಲಿ ಕೋರ್ಟಿನ ಗುಮಾಸ್ತ ಗಂಗಯ್ಯ ಬೆವರೊರೆಸಿಕೊಳ್ಳುತ್ತ ಗೇಟಿನ ಹೊರಗೆ ಬಂದ.

"ಏನ ಹಚ್ಚೀರಿ ಮಾರಾಯ್ರ? ನಿಮ್ಮ ಪ್ರಶ್ನಿ ದಿಲ್ಲಿಯಿಂದ ಬೆಂಗಳೂರು, ಬೆಂಗಳೂರಿಂದ ಬೆಳಗಾವಿ, ಬೆಳಗಾವಿಯಿಂದ ನನ್ನ ಮೇಜಿಗೆ ಬಂದೈತಿ. ಇವತ್ತ ನಾಕಕ್ಕ ಲೆಕ್ಕ ಕಳಸಬೇಕು. ಮೂರ ದಿನದಿಂದ ಧೂಳ ತಿನ್ನಾಕ ಹತ್ತೇನಿ."

"ಮೂವತ್ತ ವರ್ಷ ದಾಟಿದ್ದು ಎಷ್ಟ ಸಿಕ್ಕಾವ್ರಿ?" ಎಂದ ಯಮನಪ್ಪ.

"ಇಡೀ ಕೋರ್ಟಿಗೆ ಒಂದ. ನಿಮ್ದ."

ಯಮನಪ್ಪನ ಎದೆ ಬಿಳಿ ಅಂಗಿಯ ಗುಂಡಿಗಳನ್ನು ಜಗ್ಗಿತು. ದೇಶದ ದೊಡ್ಡ ಸಭೆಯಲ್ಲಿ ಈ ತಾಲೂಕಿನ ಹೆಸರಿನ ಮುಂದೆ ಒಂದು ಎಂದು ಅಚ್ಚಾಗುತ್ತದೆ. ಆ ಒಂದು ತಾನೇ! ಭೀಮಶಿ ಮೆಲ್ಲಗೆ, "ಅರ್ಧಾ ನಂದು" ಎಂದ.

ಗಂಗಯ್ಯ ಒಳಗೆ ಓಡಿದ. ಯಮನಪ್ಪ ಬೆಂಚು ಹತ್ತಿದ. ಅವನ ವಕೀಲ ಸದಾಶಿವ ಹಂಪಿಹೊಳಿಯವರು ಕರಿಕೋಟು ಹಾಕಿಕೊಂಡೇ ಬಂದು ಮೈಕು ಹಿಡಿದರು. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಆಡದ ಮಾತನ್ನೆಲ್ಲ ಅವರು ಅಲ್ಲಿ ಆಡಿದರು. "ಪ್ರಶ್ನೆ ಕೇಳುವವನೇ ಪ್ರಭು! ಉತ್ತರ ಕೊಡುವವನು ಸೇವಕ!" ಚಪ್ಪಾಳೆ, ಸಿಳ್ಳು. ಭೀಮಶಿ ಯಮನಪ್ಪನಿಗೆ ಶಾಲು ಹೊದಿಸಿ ತಾನೂ ಪಕ್ಕದಲ್ಲೇ ಕೂತ.

ಆ ಗದ್ದಲದ ನಡುವೆ ಎಲ್ಲಿಂದಲೋ "ಯಮನಪ್ಪ ಕೆಂಚಪ್ಪ ಮಾದರ!" ಎಂದು ಪೂರ್ತಿ ಹೆಸರು ಕೂಗಿದ್ದು ಕೇಳಿಸಿತು. ಮತ್ತೊಮ್ಮೆ. ಇನ್ನೊಮ್ಮೆ. ಜನ ತನ್ನ ಅಪ್ಪನನ್ನೂ ಮರೆತಿಲ್ಲವಲ್ಲ ಎಂದು ಯಮನಪ್ಪನ ಕಣ್ಣು ತುಂಬಿತು. ದನಿ ಬಂದ ಕಡೆ ತಿರುಗಿ ಮೂರು ಸಲವೂ ಬಾಗಿ ಕೈ ಮುಗಿದ. ಮರುಕ್ಷಣ ಭೀಮಶಿಯ ಹೆಸರೂ ಕೇಳಿಸಿತು. ತನಗೂ ಜೈಕಾರ ಬಿತ್ತೆಂದು ಅವನು ಎದ್ದು ನಿಂತು ಕೈ ಬೀಸಿದ.

ಭಾಷಣ, ಬೂಂದಿ, ಚಹಾ ಎಲ್ಲ ಮುಗಿದಾಗ ಮೂರೂವರೆ. "ಇನ್ನ ಒಳಗ ಹೋಗೂಣು, ನಮ್ಮ ನಂಬರಿನ ವ್ಯಾಳ್ಯಾ ಆತು" ಎಂದು ಮೂವರೂ ಏಳುವಷ್ಟರಲ್ಲಿ ಗಂಗಯ್ಯ ತಾನೇ ಬಂದ. ಮೂರು ದಿನದ ಬೆವರು ಒಣಗಿತ್ತು, ಮುಖ ಹಬ್ಬದ ಮನೆಯಂತಿತ್ತು.

"ಲೆಕ್ಕ ಕಳಿಸಿದೆ. ಮೂವತ್ತ ವರ್ಷ ದಾಟಿದ್ದು, ನಮ್ಮ ಕೋರ್ಟಿನಾಗ ಒಂದೂ ಇಲ್ಲ."

"ಒಂದ ಐತೆಲ್ರಿ!" ಯಮನಪ್ಪ ಶಾಲಿನ ಸಮೇತ ಎದ್ದು ನಿಂತ. "ನಂದು!"

"ಇತ್ತು. ದಿಲ್ಲಿ ಪತ್ರ ಬಂದೈತಿ ಅಂತ ಸಾಹೇಬ್ರು ಇವತ್ತ ಎಲ್ಲಾಕಿಂತ ಹಳೇದನ್ನ ಮೊದಲ ತಗೊಂಡ್ರು. ಬಾಗಲಾಗ ನಿಂತ ನಿಮ್ಮಿಬ್ಬರನ್ನೂ ಮೂರ ಮೂರ ಸಲ ಕೂಗಿಸಿದ್ರು. ನೀವೂ ಬರಲಿಲ್ಲ, ಅವರೂ ಬರಲಿಲ್ಲ, ವಕೀಲರೂ ಬರಲಿಲ್ಲ. ಕರದ್ರ ಕಾಂಪೌಂಡ್ ಆಚಿಂದ ಕೈ ಮುಗಿದ್ರಂತ. ಕೇಸ ವಜಾ ಆತು."

ಯಮನಪ್ಪ ಬೆಂಚಿನ ಮೇಲೆ ಕುಸಿದ. ಭೀಮಶಿ ಗೆದ್ದೆನೆಂದು ನಗಬೇಕೋ ಅಳಬೇಕೋ ತಿಳಿಯದೆ, ತಮ್ಮನ ಭುಜದ ಮೇಲೆ ಕೈ ಇಟ್ಟ. ಸದಾಶಿವ ವಕೀಲರು ಗಂಟಲು ಸರಿಮಾಡಿಕೊಂಡು ಕೋಟಿನ ಕಿಸೆಯಿಂದ ಒಂದು ಖಾಲಿ ವಕಾಲತ್ತು ತೆಗೆದರು.

"ಹೆದರಬ್ಯಾಡ್ರಿ ಯಮನಪ್ಪಾರ. ಹೊಸದಾಗಿ ಹಾಕೂಣು. ಸಹಿ ಮಾಡ್ರಿ, ನಾಳೆ ಹೊಸಾ ನಂಬರ."

"ಅದು ಎಷ್ಟ ವರ್ಷದ ಕೇಸ ಆಗತೈತ್ರಿ?"

"ನಾಳೆಗೆ? ಒಂದ ದಿನದ್ದು."

ಯಾಕೂಬಸಾಬನ ಕಿವಿಗೆ ಗಂಗಯ್ಯನ ಮೊದಲ ಮಾತಷ್ಟೇ ಬಿದ್ದಿತ್ತು. ಅವನು ಮೈಕು ಕಸಿದುಕೊಂಡ.

"ಕೇಳ್ರೆಪಾ ಕೇಳ್ರಿ! ನಮ್ಮ ಯಮನಪ್ಪ ಒಂದ ಪ್ರಶ್ನಿ ಕೇಳಿದ್ದಕ್ಕ, ಸಂಜೀ ಆಗೂದ್ರಾಗ ನಮ್ಮ ಕೋರ್ಟಿನಾಗಿನ ಹಳೇ ಕೇಸ ಎಲ್ಲಾ ಖತಂ! ಒಂದೂ ಉಳದಿಲ್ಲ! ದಿಲ್ಲೀ ಮುಂದ ನಮ್ಮ ತಾಲೂಕ ತಲೀ ಎತ್ತಿ ನಿಂತೈತಿ!"

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಯಾರೋ ಇನ್ನೊಂದು ಹಾರ ತಂದರು. ಯಮನಪ್ಪ ಎದ್ದು ನಿಂತು, ಎದೆ ಮುಂದೆ ಮಾಡಿ, ಎಡಗೈಯನ್ನು ಹಣೆಗೇರಿಸಿ ಜನರಿಗೆ ನಮಸ್ಕಾರ ಮಾಡುತ್ತಲೇ, ಬಲಗೈಯಿಂದ ವಕಾಲತ್ತಿಗೆ ಸಹಿ ಹಾಕಿದ.