ಕೋರಾ ಕಾಕಾ

ನಮ್ಮ ಕಾಕಾ ಇದುವರೆಗೆ ಕಮ್ಮಿಯೆಂದರೂ ನೂರು ಸಲ ಸತ್ತಿದ್ದಾರೆ. ಬಹಳಷ್ಟು ಸಲ ಹಂದಿ ಹಾಯ್ದು, ಕೆಲವು ಸಲ ಚಳಿಗೆ, ಒಂದು ಸಲವಂತೂ ತಾವೇ ಕಡಿದ ಮರ ತಮ್ಮ ಮೇಲೆಯೇ ಬಿದ್ದು! ಪ್ರತಿ ಸಲವೂ ಅವರ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದ ಕೂಗುತ್ತಿದ್ದರು: "ಸತ್ರೇನ್ರಿ? ಹಂಗಾರ ಊಟಕ್ಕ ಬರ್ರಿ."

ಗಾಬರಿ ಬೇಡ, ಇದೆಲ್ಲ ಕಂಪ್ಯೂಟರ್ ಆಟದ ಮಾತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಾಕಾ ನಿವೃತ್ತರಾಗಿ, ಪುಣೆಯ ಹಡಪಸರದ ಫ್ಲ್ಯಾಟಿನಲ್ಲಿ ಕಾಕುವಿನ ಒಗ್ಗರಣೆಗೆ ಸಲಹೆ ಕೊಡತೊಡಗಿದಾಗ, ಮನೆಯ ಶಾಂತಿಗಾಗಿ ನಾನೇ ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು, ನಾನಾಡುವ ಆಟವನ್ನು ಅವರಿಗೂ ಹಾಕಿಕೊಟ್ಟೆ. ನಿಮ್ಮನ್ನು ಒಂದು ಕಾಡಿನಲ್ಲಿ ಬರಿಗೈಯಲ್ಲಿ ಬಿಡುತ್ತಾರೆ. ಕಟ್ಟಿಗೆ ಆರಿಸಬೇಕು, ಬೆಂಕಿ ಹಚ್ಚಬೇಕು, ಗುಡಿಸಲು ಕಟ್ಟಬೇಕು, ಹೇಗಾದರೂ ಬದುಕಿ ಉಳಿಯಬೇಕು. ಆಡುತ್ತ ಆಡುತ್ತ ನಿಮ್ಮ ಮನುಷ್ಯ ಪಳಗುತ್ತಾನೆ. ತೋಳಿಗೆ ಬಲ ಬರುತ್ತದೆ, ಚೀಲಕ್ಕೆ ಕೊಡಲಿ, ಕತ್ತಿ ಸೇರುತ್ತವೆ. ಆಮೇಲೆ ಹೊಸ ಕಾಡು ತೆರೆದಾಗ ಆಟ ಒಂದು ಪ್ರಶ್ನೆ ಕೇಳುತ್ತದೆ: ಹಳೆಯ ಪಳಗಿದ ಮನುಷ್ಯನನ್ನೇ ಒಯ್ಯುತ್ತೀರೋ, ಹೊಸಬನನ್ನು ಹುಟ್ಟಿಸುತ್ತೀರೋ?

ಬುದ್ಧಿ ಇದ್ದವರು ಏನು ಮಾಡುತ್ತಾರೆ? ಹಳಬನನ್ನು ಒಯ್ಯುತ್ತಾರೆ. ನಮ್ಮ ಕಾಕಾ?

"ಕೋರಾ!" ಎಂದು ಮನೆ ಹಾರಿಹೋಗುವಂತೆ ಕೂಗಿ ಹೊಸಬನನ್ನೇ ಹುಟ್ಟಿಸುತ್ತಿದ್ದರು.

ಕೋರಾ ಎಂದರೆ ಇನ್ನೂ ನೀರು ಕಾಣದ ಬಟ್ಟೆ, ಇನ್ನೂ ಏನೂ ಬರೆಯದ ಕಾಗದ. ವಿಜಯಪುರದ ಕಡೆಯಿಂದ ಬಂದ ನಮಗೆ ಅಷ್ಟೇ ಅರ್ಥ. ಆದರೆ ಪುಣೆಯಲ್ಲಿ ಹಾಲಿಲ್ಲದ ಚಹಾಕ್ಕೂ ಕೋರಾ ಎನ್ನುತ್ತಾರಲ್ಲ! ಪುಣೆಯಲ್ಲೇ ಹುಟ್ಟಿ ಬೆಳೆದ ಕಾಕು ಒಂದೊಂದು ಕೂಗಿಗೂ ಒಂದೊಂದು ಕಪ್ ಕರಿ ಚಹಾ ತಂದಿಡುತ್ತಿದ್ದರು. ಕಾಕಾ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು. ತಿಂಗಳಾದ ಮೇಲೆ ಕಾಕು ನನ್ನನ್ನು ಬಾಲ್ಕನಿಗೆ ಎಳೆದೊಯ್ದು, "ಖರೇ ಹೇಳು ತಂಗಿ, ಇವ್ರು ಹಾಲು ಯಾಕ ಬಿಟ್ಟಾರ? ಡಾಕ್ಟರ್ ಏನರ ಹೇಳ್ಯಾರೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಈ ಹುಚ್ಚು ಆಟಕ್ಕಷ್ಟೇ ಇದ್ದರೆ ಸಹಿಸಬಹುದಿತ್ತು. ಲೋಣಾವಳಾಕ್ಕೆ ಲೋಕಲ್ ರೈಲು ಹತ್ತಿ ಅದೆಷ್ಟು ಸಲ ಹೋಗಿದ್ದಾರೋ! ಆದರೂ ಪ್ರತಿ ಸಲ ಅದೇ ಚಿಕ್ಕಿ ಅಂಗಡಿಯೆದುರು ನಿಂತು, ತಾವು ಮೊದಲ ಸಲ ಬಂದಿರುವುದಾಗಿಯೂ, ಚಿಕ್ಕಿ ಎಂದರೇನೆಂದು ತಿಳಿಯದೆಂದೂ ಮರಾಠಿಯಲ್ಲಿ ವಿನಯದಿಂದ ಹೇಳುತ್ತಿದ್ದರು. ಅಂಗಡಿಯವನು ಎಲ್ಲ ಬಗೆಯ ಚಿಕ್ಕಿ ರುಚಿ ತೋರಿಸುತ್ತಿದ್ದ. ಕೊನೆಗೊಮ್ಮೆ ಅವನು ಕೈಮುಗಿದು, "ಕಾಕಾ, ಮಾಗಚ್ಯಾ ವೇಳೀಹೀ ಪಹಿಲ್ಯಾಂದಾಚ್ ಆಲಾ ಹೋತಾತ್!" ಎಂದ. ಹೋದ ಸಲವೂ ನೀವು ಮೊದಲ ಸಲವೇ ಬಂದಿದ್ದಿರಲ್ಲ!

ನಾನು ಜಗಳ ತೆಗೆಯುತ್ತಿದ್ದೆ. "ಅಲ್ರಿ ಕಾಕಾ, ಕೂಡಿಸಿದ್ದೆಲ್ಲಾ ಬಿಟ್ಟು ಮತ್ತ ಕಡ್ಡಿ ಆರಿಸೂದ್ಯಾಕ? ಅನುಭವಕ್ಕ ಕಿಮ್ಮತ್ತ ಇಲ್ಲೇನು?"

"ಯವ್ವಾ, ನಾಕ ದಶಕ ಅನುಭವಸ್ಥ ಅಂತನ ದುಡದೀನಿ. ಮಷಿನ್ ಕೆಡತು, ಕರೀರಿ ಅವನ್ನ. 'ನನಗ ಬರೂದಿಲ್ಲ' ಅನ್ನೂ ಸುಖಾ ಒಮ್ಮೆರ ಸಿಕ್ಕಿಲ್ಲ ನೋಡು."

ನಾನು ನಕ್ಕುಬಿಟ್ಟೆ. ಆಗ ನಗುವ ಬದಲು ಸ್ವಲ್ಪ ಕೇಳಿಸಿಕೊಂಡಿದ್ದರೆ ಎಂದು ಈಗ ಅನ್ನಿಸುತ್ತದೆ.

"ಒಮ್ಮೆ ನನ್ನ ಸಂಗಾಟ ಕೋರಾ ಆಗಿ ಬಾರವಾ. ಇಬ್ರೂ ಕೂಡಿ ಮೊದಲನೇ ಕಡ್ಡಿಯಿಂದ ಶುರು ಮಾಡೂಣು" ಎಂದು ಅವರು ಕೇಳತೊಡಗಿದ್ದು ಮಳೆಗಾಲದಲ್ಲಿ. ನಾನು ಆಫೀಸೆಂದೆ, ನೆಂಟರೆಂದೆ, ತಲೆನೋವೆಂದೆ. ಪುಣೆಯದೇ ಕ್ಯಾಂಪ್ ಬಡಾವಣೆಯಲ್ಲಿರುವ ನನ್ನ ಮನೆಯಿಂದ ಹಡಪಸರ ಏನು ಕಾಶಿಯೇ? ಒಂದೇ ಬಸ್ಸು! ದೀಪಾವಳಿಯೂ ಮುಗಿಯಿತು. ಕೊನೆಗೊಂದು ಭಾನುವಾರ ಹೋದೆ.

ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಕಾಕು ಚುರುಮುರಿಯ ಸುಶಲಾ ಮಾಡಿದ್ದರು. ಹೊಸ ಕಾಡು ತೆರೆಯಿತು. ನಾನು ತಂದಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲೂ ಅದೇ ಪ್ರಶ್ನೆ ಬಂತು. ನನಗೆ ಮಧ್ಯಾಹ್ನ ಬೇರೆಲ್ಲಿಗೋ ಹೋಗುವುದಿತ್ತು, ಎಲ್ಲಿಗೆಂಬುದೂ ಈಗ ನೆನಪಿಲ್ಲ. ಬೇಗ ಮುಗಿಯಲಿ ಎಂದು ನನ್ನ ಹಳೆಯ ಪಳಗಿದವಳನ್ನೇ ಒತ್ತಿದೆ.

ಕಾಕಾನ ಹೊಸಬ ಚಿಂದಿ ಉಟ್ಟು ಕಡ್ಡಿ ಆರಿಸುತ್ತಿದ್ದಾನೆ, ನಾನು ಮೈತುಂಬ ಕಬ್ಬಿಣದ ಕವಚ ತೊಟ್ಟು ಇಳಿದೆ! ಅರ್ಧ ಗಂಟೆಯಲ್ಲಿ ಮರಗಳನ್ನುರುಳಿಸಿ ಕಲ್ಲಿನ ಮನೆ ಕಟ್ಟಿದೆ. ಕಾಕಾನನ್ನು ಅಷ್ಟು ಸಲ ಕೊಂದ ಹಂದಿಯನ್ನು ಒಂದೇ ಏಟಿಗೆ ಮಲಗಿಸಿದೆ. ಒಳ್ಳೆಯ ಕೊಡಲಿಯೊಂದನ್ನು ಅವರ ಮುಂದಿಟ್ಟು, "ತಗೋರಿ ಕಾಕಾ, ಎಲ್ಲಾ ಆತು" ಎಂದೆ.

ಅವರು ಪರದೆಯನ್ನೇ ನೋಡುತ್ತ ಕುಳಿತರು. ಅವರ ಹೊಸಬನ ಕೈಯಲ್ಲಿ ಮೂರು ಕಡ್ಡಿಗಳಿದ್ದವು.

"ಭಾಳ ಛಲೋ ಮಾಡಿದಿ ಯವ್ವಾ. ಇನ್ನ ನಾ ಏನ್ ಮಾಡ್ಲಿ?"

ಅದನ್ನು ಹೊಗಳಿಕೆ ಎಂದುಕೊಂಡೆನಲ್ಲ! ಇನ್ನೊಂದು ಪ್ಲೇಟು ಸುಶಲಾ ತಿಂದು ಬಸ್ಸು ಹಿಡಿದೆ.

ಮುಂದಿನ ತಿಂಗಳು ಕಾಕಾನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಎಡಗೈಯಲ್ಲಿ ಬರೆಯುವುದನ್ನು ಕಲಿಸಿ ಎಂದು ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಯವರು ಒಂದು ನೋಟ್‌ಬುಕ್ ಕೊಟ್ಟುಹೋದರು. ಈಗ ನನಗೆ ದಿನಾ ಬಿಡುವು! ದಿನಾ ಬಸ್ಸು! ಮೊದಲ ವಾರ ಮತ್ತೆ ಅದನ್ನೇ ಮಾಡಿದೆ. ಅವರ ಅಂಗಿಯ ಗುಂಡಿ ನಾನೇ ಹಾಕಿದೆ, ಚಮಚ ನಾನೇ ಹಿಡಿದೆ, ಅಕ್ಷರ ಸೊಟ್ಟಗಾದರೆ ಪೆನ್ನು ಕಸಿದುಕೊಂಡು ತಿದ್ದಿದೆ. ಕಾಕಾ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ನಿನ್ನೆ ಅವರು 'ಅ' ಬರೆಯುವಾಗ ಪೆನ್ನು ಜಾರಿತು. ನನ್ನ ಕೈ ಮುಂದೆ ಹೋಯಿತು. ಆ ಭಾನುವಾರ ನೆನಪಾಗಿ ಕೈ ಹಿಂದೆಳೆದುಕೊಂಡೆ. "ಕಾಕಾ, ಅವತ್ತ ನಾ ತಪ್ಪ ಮಾಡಿದೆ" ಎಂದೆ. ನಾನು ಇನ್ನೊಂದು ಪೆನ್ನು ತೆಗೆದು, ಹುಟ್ಟಿದಾಗಿನಿಂದ ಒಂದಕ್ಷರ ಬರೆಯದ ನನ್ನ ಎಡಗೈಯಲ್ಲಿ ಹಿಡಿದು, ಅವರ 'ಅ'ದ ಕೆಳಗೆ ನನ್ನದೊಂದು ಬರೆದೆ. ಚಪ್ಪಲಿಯಡಿ ಸಿಕ್ಕ ಜಿರಳೆಯ ಹಾಗೆ ಬಂತು.

ಕಾಕಾ ಎರಡನ್ನೂ ಬಹಳ ಹೊತ್ತು ಹೋಲಿಸಿ ನೋಡಿದರು. ಅರ್ಧ ಬಾಯಿ ನಕ್ಕಿತು.

"ನಂದು... ಛಲೋ... ಅದ" ಎಂದರು.

ನಿಜ, ಅವರದೇ ಚೆನ್ನಾಗಿತ್ತು. ಇಬ್ಬರೂ 'ಆ' ಬರೆಯತೊಡಗಿದೆವು.