ನೀವೂ ಬರ್ರಿ ಸಮುದ್ರಕ್ಕ

ನಮ್ಮ ಇಳಕಲ್ಲಿನಲ್ಲಿ ಯಾರಾದರೂ ಒಬ್ಬರೇ ಒಂದು ಕೆಲಸ ಮಾಡಿ ಮುಗಿಸಿದ್ದನ್ನು ನಾನಂತೂ ನೋಡಿಲ್ಲ. ಚಾ ಕುಡಿಯಲು ಹೊರಟವನು ದಾರಿಯಲ್ಲಿ ಸಿಕ್ಕವನಿಗೆ "ಬರ್ರಿ, ಚಾ ಕುಡ್ಯೂಣು" ಅನ್ನುತ್ತಾನೆ. ಊಟಕ್ಕೆ ಕೂತವನು ಬಾಗಿಲ ಮುಂದೆ ಹಾಯುವವನಿಗೆ, ತುತ್ತು ಬಾಯಲ್ಲಿದ್ದಂತೆಯೇ, "ಬರ್ರಿ, ಊಟ ಮಾಡೂಣು" ಅನ್ನುತ್ತಾನೆ. ಕ್ಷೌರಕ್ಕೆ ಕೂತವನು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು, ಕನ್ನಡಿಯಲ್ಲಿ ಕಂಡವನಿಗೆ "ಬರ್ರಿ" ಎಂದದ್ದನ್ನೂ ಕೇಳಿದ್ದೇನೆ. ಕರೆಯುವುದು ಕರೆಯುವವನ ಧರ್ಮ. "ಈಗ ಆತ್ರಿ, ನಡೀಲಿ ನಿಮ್ದು" ಎಂದು ಮುಂದೆ ಹೋಗುವುದು ಕರೆಸಿಕೊಂಡವನ ಧರ್ಮ. ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾವೆಲ್ಲ ಇಷ್ಟು ಧಾರಾಳಿಗಳು.

ನನಗೆ ಈ ಚಟ ಊರವರಿಗಿಂತ ಒಂದು ಕೈ ಹೆಚ್ಚು. ನನ್ನದು ಸೀರೆ ಅಂಗಡಿ. ಗಾದಿಯ ಮೇಲೆ ಕೂತು ದಿನವಿಡೀ ರಸ್ತೆ ನೋಡುತ್ತ "ಬರ್ರಿ ಅಕ್ಕಾರ, ಒಳಗ ಬರ್ರಿ, ಕೂಡ್ರಿ" ಅನ್ನುವುದೇ ನನ್ನ ಉದ್ಯೋಗ. ಇಂಥ ಬಾಯಿ ಇಟ್ಟುಕೊಂಡು ನಾನು ಹೆಂಡತಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಲು ಹೊರಟಾಗ ನಡೆದ ಪ್ರಸಂಗಗಳು ಇವು. ಊರಿನ ಹೆಸರು ಹೇಳುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದಟ್ಟ ಮಳೆಕಾಡು ಇರುವ ಕರಾವಳಿಯ ಒಂದು ಸಣ್ಣ ಊರು ಅಂತ ತಿಳಿದುಕೊಂಡರೆ ಸಾಕು. ಹೆಸರು ಹೇಳಿದೆನೆಂದರೆ ಮುಂದಿನ ಮಾತು ನನ್ನ ಬಾಯಿಂದ ತಾನಾಗಿಯೇ ಬಂದುಬಿಡುತ್ತದೆ.

ನಡುವಿನ ಸೀಟು

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಮದುವೆಯಾದ ಹೊಸದರಲ್ಲಿ ನಾವು ಪ್ರವಾಸ ಹೋಗಿದ್ದು ಬಾದಾಮಿಗೆ. ನಾವು ಅಂದರೆ ಒಂದು ಟೆಂಪೋ ತುಂಬ. ನಾನು ಡ್ರೈವರನ ಪಕ್ಕದಲ್ಲಿ ಕೂತಿದ್ದೆ. ಹೊಸ ಹೆಂಡತಿ ಹಿಂದೆ ನನ್ನ ಇಬ್ಬರು ಸೋದರತ್ತೆಯರ ನಡುವೆ, ತೊಡೆಯ ಮೇಲೆ ಎಲ್ಲರ ಬುತ್ತಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಅತ್ತೆಯಂದಿರು ಇಬ್ಬರೂ ಮೈಯಲ್ಲಿ ಗಟ್ಟಿ. ಬನಶಂಕರಿಯಿಂದ ಗುಹೆಗಳವರೆಗೆ ಅವಳಿಗೆ ಕಂಡ ಬಾದಾಮಿ ಎಂದರೆ ಆ ಗಂಟು. ಗುಹೆಯ ಮುಂದೆ ತೆಗೆಸಿದ ಫೋಟೋದಲ್ಲೂ ಅವಳ ಒಂದು ಕೈ ಮಾತ್ರ ಇದೆ. ಅದು ತನ್ನದೇ ಎಂದು ಬಳೆ ನೋಡಿ ಗುರುತು ಹಿಡಿದಳು.

ಈ ವರ್ಷ ಮಗಳ ಮದುವೆ ಮಾಡಿ ಬಾಗಲಕೋಟೆಗೆ ಕಳಿಸಿದೆವು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅವ್ವ ಉಳಿದೆವು. ಒಂದು ದಿನ ಹೆಂಡತಿ ನನ್ನ ಮುಂದೆ ಚಾ ಇಟ್ಟು, ಅಲ್ಲೇ ಕೂತಳು.

"ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಮೂರು ದಿನ ಸಮುದ್ರ ನೋಡಾಕ ನಾವಿಬ್ಬರ ಹೋಗೂಣು. ಇಬ್ಬರು ಅಂದ್ರ ಎಷ್ಟು ಅಂತ ಗೊತ್ತೈತಲ್ಲ?"

"ಗೊತ್ತೈತಿ."

"ಮತ್ತ ಆ ಬಾಯಿ?"

"ಹೊಲಕೊಂಡ ಬಿಡ್ತೇನಿ," ಎಂದೆ.

"ಹುಟ್ಟಿದಾಗಿಂದ ಸೀರಿ ಮಾರಿದವ್ರು ನೀವು," ಎಂದಳು. "ನಿಮಗ ಹೊಲಿಗಿ ಎಲ್ಲಿ ಬರ್ತೈತಿ?"

ಮೂರನೆಯ ರೇನ್‌ಕೋಟು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಸಾಲಿಯಲ್ಲಿ ಭೂಗೋಳ ಕಲಿಸುತ್ತಿದ್ದರು. ಸಮುದ್ರವನ್ನು ಕಂಡವರಲ್ಲ, ಆದರೆ ಅದರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ನಾನು ಮಳೆಕಾಡಿನ ವಿಚಾರ ಕೇಳಿದ್ದೇ ತಡ, ಕಟ್ಟೆಯ ಮೇಲೆಯೇ ಪಾಠ ಶುರುವಾಯಿತು.

"ಮಳಿಕಾಡು ಅಂದಮ್ಯಾಲ ಹನ್ನೆರಡೂ ತಿಂಗಳು ಮಳಿ. ಮ್ಯಾಲಿಂದ ಮಳಿ, ಕೆಳಗ ಜಿಗಳಿ. ರೇನ್‌ಕೋಟ್ ಇಲ್ಲದ ಕಾಲ ಇಡಬ್ಯಾಡ್ರಿ."

ಜಿಗಳಿ ಅಂದರೆ ರಕ್ತ ಹೀರುವ ಹುಳ ಎಂದು ಹೇಳಿ, ಅದು ಎಲ್ಲೆಲ್ಲಿ ಹತ್ತುತ್ತದೆ ಎಂಬುದನ್ನೂ ತಮ್ಮ ಕಾಲಿನ ಮೇಲೆ ತೋರಿಸಿದರು. ನಾನೂ ಮಾಸ್ತರರೂ ಪೇಟೆಗೆ ಹೋದೆವು. ನಮ್ಮಲ್ಲಿ ಛತ್ರಿಯನ್ನೂ ಜನ ಬಿಸಿಲಿಗೇ ಕೊಳ್ಳುವುದು. ಅಂಗಡಿಯವನು ಏಣಿ ಹತ್ತಿ, ಅಟ್ಟದ ಮೇಲಿಂದ ಒಂದು ಡಬ್ಬಿ ತೆಗೆದು, ಧೂಳು ಊದಿ, "ಎಲ್ಲಿಗ್ರಿ ಸಾವ್ಕಾರ, ಮಳಿ ಹುಡುಕ್ಕೊಂಡ ಹೊಂಟೀರಿ?" ಎಂದು ಕೇಳಿದ. ಎಲ್ಲಿಗೆ ಎಂದು ಹೇಳಿದೆ. ಪಕ್ಕದಲ್ಲಿ ಮಾಸ್ತರರು ಕನ್ನಡಕ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತಿರುವಾಗ ಸುಮ್ಮನಿರಲು ನನ್ನ ಬಾಯಿಗೆ ಅಭ್ಯಾಸವಿಲ್ಲ.

"ನೀವೂ ಬರ್ರಿ ಸರ," ಅಂದುಬಿಟ್ಟೆ.

ಪದ್ಧತಿ ಪ್ರಕಾರ ಅವರು "ನಡೀಲಿ ನಿಮ್ದು" ಅನ್ನಬೇಕಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಇಷ್ಟು ಪ್ರೀತಿಲೆ ಕರದಮ್ಯಾಲ ಒಲ್ಲೆ ಅನ್ನೂದು ಛಲೋ ಅಲ್ಲ," ಎಂದರು.

ಮನೆಗೆ ಬಂದಾಗ ಹೆಂಡತಿ ಚೀಲ ಬಿಚ್ಚಿದಳು. "ಎರಡ ತರಾಕ ಹೇಳಿದ್ದೆ. ಮೂರ ಯಾಕದಾವು?"

"ಅಂಗಡ್ಯಾಂವ ಒಂದು ಮ್ಯಾಲ ಕೊಟ್ಟಾನ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ಮಾಸ್ತರರ ಧ್ವನಿ ಬಂತು. "ಏನ್ರಿ, ಸಮುದ್ರದ ದಂಡಿಗೆ ಸ್ವೆಟರ್ ಬೇಕಾಕ್ಕೈತೇನು?"

ಸಮುದ್ರದವರೇ ಬಂದರು

ಉಳಿಯಲು ಒಂದು ಮನೆ ಗೊತ್ತುಮಾಡಿದ್ದೆ. ಮನೆಯ ಮುಂದೆ ಸಮುದ್ರ, ಬೆನ್ನಿಗೆ ಕಾಡು. ದೀಪಾವಳಿ ಮುಗಿದ ವಾರಕ್ಕೆ ಬರುತ್ತೇವೆ ಎಂದು ಫೋನಿನಲ್ಲಿ ಹೇಳಿದೆ. ಮನೆಯ ಒಡತಿ ಬಹಳ ಒಳ್ಳೆಯ ಮಾತಿನ ಹೆಂಗಸು.

"ಎಷ್ಟು ಜನ ಹೇಳಿ?"

"ಇಬ್ಬರು ಅಕ್ಕಾರ. ಇಬ್ಬರು ಅಂದ್ರ, ಮೂರು."

ಅವರು ನಕ್ಕು, ಆಗಲಿ ಎಂದರು. ಅಲ್ಲಿಗೆ ಫೋನ್ ಇಡಬಹುದಿತ್ತು. ಆದರೆ ಬರೀ "ಇಡ್ತೇನಿ" ಎಂದು ಫೋನ್ ಇಡುವುದು ಒರಟಾಗುತ್ತದೆ ಅನಿಸಿತು. "ಇಳಕಲ್ ಕಡೆ ಬಂದ್ರ ನಮ್ಮನಿಗೆ ಬರ್ರಿ ಅಕ್ಕಾರ," ಎಂದೆ.

"ಹೌದಾ? ನಂಗೆ ಇಳಕಲ್ ಸೀರೆ ನೋಡಬೇಕು ಅಂತ ಎಷ್ಟು ವರ್ಷದಿಂದ ಆಸೆ ಇತ್ತು ಮಾರಾಯ್ರೇ," ಎಂದರು.

ನಾವು ಹೊರಡುವ ಎರಡು ದಿನ ಮೊದಲು ಬಾಗಿಲಲ್ಲಿ ಒಂದು ಕಾರು ನಿಂತಿತು. ಒಡತಿ, ಅವರ ಯಜಮಾನರು, ಯಜಮಾನರ ತಾಯಿ ಇಳಿದರು. ಜೊತೆಗೆ ತೆಂಗಿನಕಾಯಿಯ ಒಂದು ಮೂಟೆಯೂ ಇಳಿಯಿತು. ನಮ್ಮ ಅವ್ವನಿಗೂ ಆ ತಾಯಿಗೂ ಒಂದೇ ಗಳಿಗೆಯಲ್ಲಿ ಗೆಳೆತನವಾಯಿತು. ನಾಲ್ಕು ದಿನ ಉಳಿದರು. ನನ್ನ ಅಂಗಡಿಯ ಎಲ್ಲ ಸೀರೆಯ ಮಡಿಕೆ ಬಿಚ್ಚಿಸಿ ನೋಡಿದರು. ನಾವು ಅಲ್ಲಿ ಹೋಗಿ ಉಳಿಯಬೇಕಿದ್ದ ದಿನಗಳಲ್ಲಿ ಹೆಂಡತಿ ಇಲ್ಲಿ ಅವರಿಗೆ ರೊಟ್ಟಿ ಬಡಿದಳು.

ಹೊರಡುವಾಗ ಒಡತಿ ಅವಳ ಕೈ ಹಿಡಿದುಕೊಂಡು, "ನೀವೂ ಒಮ್ಮೆ ನಮ್ಮಲ್ಲಿಗೆ ಬನ್ನಿ ಹಾಂ," ಎಂದರು.

"ಅಲ್ಲಿಗೇ ಹೊಂಟಿದ್ವಿ ಅಕ್ಕಾರ," ಎಂದಳು ನನ್ನ ಹೆಂಡತಿ. "ಅಷ್ಟರಾಗ ನೀವ ಬಂದ್ರಿ."

ಬಸ್ಸು

ಮುಂದಿನ ಯೋಜನೆ ಧನುರ್ಮಾಸಕ್ಕೆ. ಆ ತಿಂಗಳು ಲಗ್ನಗಳಿಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಈ ಸಲ ಹೆಂಡತಿ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆದರೂ ಒಂದು ಮಧ್ಯಾಹ್ನ ಹುನಗುಂದದಿಂದ ಅವಳ ತಮ್ಮ ಬಂದ. ಊಟದ ಹೊತ್ತು. ಊಟಕ್ಕೆ ಕರೆದೆ. ಕರೆದ ಬಾಯಿ ಹಾಗೇ ಸಮುದ್ರದವರೆಗೂ ಹೋಯಿತು.

"ನೀವಿಷ್ಟು ಅಂದಮ್ಯಾಲ ಇಲ್ಲ ಅನ್ನಾಕ ಆಕ್ಕೈತೇನು ಮಾವ?" ಎಂದ ಅವನು. "ನಮ್ಮ ಮನ್ಯಾಗಿನವರ್ನೂ ಕರಕೊಂಡ ಬರ್ತೇನಿ."

ಇಷ್ಟು ಜನ ಹೋಗುವಾಗ ಹೆತ್ತ ತಾಯಿಯನ್ನು ಬಿಟ್ಟು ಹೋಗುವುದು ಹೇಗೆ? ಅವ್ವನಿಗೂ ಬಾ ಎಂದೆ. ಅವ್ವ ಹೂಂ ಎಂದಳು. ಅವ್ವ ಹೊರಟಳೆಂದರೆ ಬಾದಾಮಿಯ ಟೆಂಪೋದಲ್ಲಿದ್ದ ಅದೇ ಇಬ್ಬರು ಸೋದರತ್ತೆಯರು ಬಿಡುತ್ತಾರೆಯೇ? ಅವರೂ ಕೆರೂರಿನಲ್ಲಿ ಬಟ್ಟೆಯ ಗಂಟು ಕಟ್ಟಿದರು. ಭಾವಮೈದುನ ಒಂದು ಸಣ್ಣ ಬಸ್ಸು ಗೊತ್ತುಮಾಡಿದ. ಓಣಿಯ ಹೆಂಗಸರು ನಮ್ಮ ಅಂಗಳದಲ್ಲಿ ಕೂತು ಖಡಕ್ ರೊಟ್ಟಿ ಬಡಿಯತೊಡಗಿದರು. ಅಲ್ಲಿ ಬರೀ ಅನ್ನ ತಿನ್ನುತ್ತಾರಂತೆ, ಪಾಪ ಇವರು ಉಪವಾಸ ಸಾಯಬಾರದು ಎಂಬ ಕಳಕಳಿ ಅವರದು. ರೊಟ್ಟಿಯ ರಾಶಿ ಕಿಟಕಿಯ ಎತ್ತರಕ್ಕೆ ಬಂತು.

ಮಾಸ್ತರರು ಯಾರು ಎಲ್ಲಿ ಕೂಡಬೇಕೆಂದು ನಕಾಶೆ ಬರೆದರು. ಹೆಂಡತಿ ಅದನ್ನು ಇಣುಕಿ ನೋಡಿದಳು. ಇಬ್ಬರು ಸೋದರತ್ತೆಯರ ನಡುವೆ ಒಂದು ಚೌಕ, ಅದರಲ್ಲಿ ಅವಳ ಹೆಸರು.

ಅವಳು ಜಗಳಾಡಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಸುಮ್ಮನೆ ಒಳಗೆ ಹೋಗಿ, ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಇಟ್ಟಳು. ಆ ಸಂಜೆಯೇ ನಾನು ಓಣಿಗೆ ಇಳಿದೆ. ಬಸ್ಸಿನ ಎಂಜಿನ್ನೇ ಕೆಟ್ಟಿದೆಯಂತೆ ಎಂದು ಎಲ್ಲರಿಗೂ ಸುಳ್ಳು ಹೇಳಿ ಪ್ರವಾಸ ರದ್ದು ಮಾಡಿದೆ. ಇಡೀ ಓಣಿ ಒಂದು ವಾರ ನಾಷ್ಟಾಕ್ಕೂ ಊಟಕ್ಕೂ ರೊಟ್ಟಿ ತಿಂದಿತು. ಆ ವಾರ ಯಾರೂ ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ದವಾಖಾನಿ

ಧನುರ್ಮಾಸ ಇನ್ನೂ ಮುಗಿದಿರಲಿಲ್ಲ. ಈ ಸಲ ಉಪಾಯ ಹೆಂಡತಿಯದು. "ಎಲ್ಲಿಗೆ ಅಂತ ಹೇಳಿದ್ರ ಬರ್ತಾರ. ಯಾರೂ ಬರಲಾರದ ಜಾಗಾ ಹೇಳೂಣು," ಎಂದಳು. ಇವಳಿಗೆ ಬೆನ್ನು ನೋವಿದೆ, ಬಾಗಲಕೋಟೆಯ ದವಾಖಾನೆಗೆ ತೋರಿಸಲು ಹೋಗುತ್ತೇವೆ, ಮೂರು ದಿನ ಅಲ್ಲೇ ಮಗಳ ಮನೆಯಲ್ಲಿ ಇರುತ್ತೇವೆ ಎಂದು ಅವ್ವನಿಗೆ ಹೇಳಿದೆವು. ಮಗಳಿಗೆ ಗುಟ್ಟು ಹೇಳಿ ನಮ್ಮ ಕಡೆ ಹಾಕಿಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಗೆ ಓಣಿಯೇ ನಿಂತಿದೆ. ಅವ್ವ ರಾತ್ರಿಯೇ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. ನಮ್ಮ ಕಡೆ ಸಮುದ್ರಕ್ಕಾದರೂ ಒಬ್ಬರನ್ನೇ ಕಳಿಸಿಯಾರು, ದವಾಖಾನೆಗೆ ಕಳಿಸುವುದುಂಟೇ? ಭಾವಮೈದುನ ಹುನಗುಂದದಿಂದ ಕ್ರೂಸರ್ ಗಾಡಿ ತಂದಿದ್ದ. ಅತ್ತೆಯಂದಿರು ಕೆರೂರಿನಿಂದ ಮೊದಲ ಬಸ್ಸಿಗೆ ಬಂದು, ಗಂಜಿಯ ಥರ್ಮಾಸು ಹಿಡಿದುಕೊಂಡು ಕೂತಿದ್ದರು. ಮಾಸ್ತರರು ತಮ್ಮ ಮೊಣಕಾಲಿನ ಎಕ್ಸ್‌ರೇ ಬಗಲಲ್ಲಿ ಇಟ್ಟುಕೊಂಡು, "ಹೆಂಗೂ ಹೊಂಟೀವಿ, ನನ್ನದೂ ತೋರಿಸಿ ಬಿಡೂಣು," ಎಂದರು. ಎದುರು ಮನೆಯವನು ಅಂಗಿಯ ತೋಳು ಮಡಚಿ, "ರಕ್ತ ಬೇಕಾದ್ರ ನಂದು ಓ ಪಾಸಿಟಿವ್ ಐತ್ರಿ," ಎಂದ.

ಅವ್ವ ಸೊಸೆಯ ಹಣೆಗೆ ವಿಭೂತಿ ಹಚ್ಚಿ ಅಳಲು ಶುರುಮಾಡಿದಳು. ಭಾವಮೈದುನ ಬೆನ್ನು ನೋವಿನ ಅಕ್ಕನಿಗೆ ಭಾರ ಬೇಡವೆಂದು ಚೀಲ ಕಿತ್ತುಕೊಂಡ. ಚೀಲದ ಬಾಯಿ ಬಿಚ್ಚಿತು. ಎರಡು ರೇನ್‌ಕೋಟು, ಒಂದು ಅಗಲ ಅಂಚಿನ ಹುಲ್ಲಿನ ಟೊಪ್ಪಿಗೆ ಎಲ್ಲರ ಕಾಲ ಬಳಿ ಬಿದ್ದವು.

ಮಾಸ್ತರರು ಟೊಪ್ಪಿಗೆ ಎತ್ತಿ ತಿರುಗಿಸಿ ನೋಡಿದರು. "ಇದ್ಯಾವ ದವಾಖಾನಿರಿ?"

ನಾನು ಬಾಯಿ ತೆರೆದೆ. ಹೆಂಡತಿ ನನಗಿಂತ ಮುಂದೆ ಬಂದು ನಿಂತಳು. "ನಾವು ಸಮುದ್ರಕ್ಕ ಹೊಂಟೇವಿ. ನಾವಿಬ್ಬರ. ನೀವು ಯಾರೂ ಬರಬ್ಯಾಡ್ರಿ."

"ಬರಬ್ಯಾಡ್ರಿ" ಎಂಬ ಮಾತನ್ನು ಅಲ್ಲಿ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ನನಗಂತೂ ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನಿಸಿತು. ಮೊದಲು ಮಾತಾಡಿದ್ದು ಅವ್ವ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೊದಲ ಹೇಳಬಾರದೇನ ಯವ್ವಾ? ನನಗೆಲ್ಲಿ ಸಮುದ್ರ ಬೇಕಾಗಿತ್ತು? ಇಂವ ಬಾ ಅಂದ. ಒಲ್ಲೆ ಅಂದ್ರ ಮನಸಿಗೆ ಹಚ್ಕೊಂತಾನಂತ ಹೂಂ ಅಂದೆ."

"ಖರೆ ಹೇಳಬೇಕಂದ್ರ," ಎಂದರು ಮಾಸ್ತರರು, "ನನಗ ಬಸ್ಸಿನ್ಯಾಗ ಕುಂತ್ರ ವಾಂತಿ ಆಕ್ಕೈತಿ."

ಅತ್ತೆಯಂದಿರಿಗೂ ಮನಸ್ಸಿರಲಿಲ್ಲವಂತೆ. ಭಾವಮೈದುನನಿಗೆ ಆ ವಾರ ಹೊಲದಲ್ಲಿ ಬೇಕಾದಷ್ಟು ಕೆಲಸವಿತ್ತಂತೆ. ನಾನು ಕರೆದದ್ದು ಬಾಯಿಮಾತಿಗೆ, ಅವರು ಒಪ್ಪಿದ್ದೂ ಬಾಯಿಮಾತಿಗೆ. ಎಲ್ಲರೂ ಸೇರಿ ನಮ್ಮನ್ನು ಕ್ರೂಸರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟುಬಂದರು. ಕಾಯಿಲೆ ಇಲ್ಲದಿದ್ದರೂ ಕುಡಿದುಬಿಡು ಎಂದು ಅತ್ತೆಯಂದಿರು ದಾರಿಯಲ್ಲೇ ಹೆಂಡತಿಗೆ ಗಂಜಿ ಕುಡಿಸಿದರು.

ದಂಡೆಯ ಮೇಲೆ

ಸಮುದ್ರ ಕಂಡದ್ದೇ ತಡ, ಹೆಂಡತಿ ಚಪ್ಪಲಿ ಬಿಟ್ಟಳು. ಸೀರೆಯ ನಿರಿಗೆ ಎತ್ತಿ ಹಿಡಿದು ಮೊಣಕಾಲವರೆಗೆ ನೀರಿನಲ್ಲಿ ಹೋಗಿ ನಿಂತಳು. ನಾನು ಪಕ್ಕದಲ್ಲಿ ನಿಂತೆ. ನಮ್ಮ ನಡುವೆ ಯಾವ ಗಂಟೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ನನಗೆ ಭಾಳ ಖುಷಿಯಾಯಿತು. ಬಾಯಿ ಬಿಗಿದು ಹಿಡಿದರೆ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಯಾವತ್ತೋ ಹಿಡಿಯುತ್ತಿದ್ದೆ.

ಸಂಜೆ ಮರಳಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಕೆನೆ ಮೊಸರು. ದೂರದಿಂದ ಒಂದು ಹೊಸ ಜೋಡಿ ನಡೆದು ಬರುತ್ತಿತ್ತು. ಹುಡುಗಿಯ ಕೈಗೆ ಮದರಂಗಿಯ ಬಣ್ಣ ಇನ್ನೂ ಇತ್ತು. ನಾನು ತಲೆ ತಗ್ಗಿಸಿ, ತುಟಿ ಕಚ್ಚಿ ಹಿಡಿದು, ರೊಟ್ಟಿಯನ್ನೇ ನೋಡುತ್ತ ಕೂತೆ. ಅವರು ಹತ್ತಿರ ಬಂದರು. ನಾನು ಉಸಿರೂ ಬಿಡಲಿಲ್ಲ.

"ಬರ್ರಿ, ರೊಟ್ಟಿ ತಿನ್ನೂಣು," ಎಂಬ ಮಾತು ಕೇಳಿಸಿತು.

ಅಂದವಳು ನನ್ನ ಹೆಂಡತಿ. ತುತ್ತು ಬಾಯಲ್ಲೇ ಇತ್ತು. ಅಂದ ಮೇಲೆ ನನ್ನ ಮುಖ ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಸರಿದು ಜಾಗ ಕೊಟ್ಟೆ.

ಆ ಜೋಡಿ ಕೂತೇಬಿಟ್ಟಿತು. ಹುಡುಗಿ ರೊಟ್ಟಿ ಮುರಿಯುವ ರೀತಿ ನೋಡಿಯೇ ನಮ್ಮ ಕಡೆಯವಳು ಎಂದು ಗೊತ್ತಾಯಿತು. ಬಾದಾಮಿಯವರಂತೆ. ಮದುವೆಯಾಗಿ ತಿಂಗಳೂ ಆಗಿಲ್ಲ. ಹುಡುಗನ ಮುಖ ಯಾಕೋ ಸಪ್ಪಗಿತ್ತು.

"ಏನಾತಪ್ಪ?" ಎಂದೆ.

"ನಾಳೆ ಮುಂಜಾನೆ ನಮ್ಮ ಕಾಕಾ, ದೊಡ್ಡವ್ವ, ಅತ್ತಿ, ಮಾವ ಎಲ್ಲಾರೂ ಟೆಂಪೋ ಮಾಡ್ಕೊಂಡ ಬರಾಕತ್ತಾರ್ರಿ," ಎಂದ. "ಹೊಂಡೂ ಮುಂದ ನಾ ಬಾಯಿಮಾತಿಗೆ 'ನೀವೂ ಬರ್ರಿ' ಅಂದಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿ ನಗಲಿಲ್ಲ. ಆ ಹುಡುಗಿಯನ್ನೇ ನೋಡುತ್ತಿದ್ದಳು. ಹುಡುಗಿ ಕೈ ತೊಳೆದುಕೊಂಡು, ಎದ್ದು ಹೊರಡುವಾಗ, ಮರ್ಯಾದೆಗೆ ಒಂದು ಮಾತು ಅಂದಳು. "ನಾಳೆ ಎಲ್ಲಾರೂ ಕಾಡು ನೋಡಾಕ ಹೊಂಟೇವ್ರಿ. ನೀವೂ ಬರ್ರಿ ಅಕ್ಕಾರ."

ಬಾಯಿಮಾತು ಯಾವುದು, ಮನಸ್ಸಿನ ಮಾತು ಯಾವುದು ಎಂದು ನನ್ನ ಹೆಂಡತಿಯಷ್ಟು ತಿಳಿದವರು ಬಾಗಲಕೋಟೆ ಜಿಲ್ಲೆಯಲ್ಲೇ ಇಲ್ಲ. "ಇಲ್ಲವ್ವಾ, ನಡೀಲಿ ನಿಮ್ದು" ಎನ್ನುತ್ತಾಳೆಂದು ನಾನು ನಿಶ್ಚಿಂತೆಯಿಂದ ಕಾದೆ.

ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು. "ಎಷ್ಟೊತ್ತಿಗೆ ಹೊಂಟೀರಿ? ನಿಮ್ಮಿಬ್ಬರಿಗೆ ಈಗ ಹೇಳ್ತೇನಿ, ಟೆಂಪೋದಾಗ ಒಂದ ಕಿಡಕಿ ಕಡೆ ನೀವಿಬ್ಬರು ಕುಂದರ್ರಿ, ಇನ್ನೊಂದ ಕಿಡಕಿ ಕಡೆ ನಾವಿಬ್ಬರು. ನಡುವ ನಿಮ್ಮ ಅತ್ತಿ ಕುಂದರಲಿ, ಗಂಟು ಹಿಡ್ಕೊಂಡು."